ಬರಿಗೈಯಲ್ಲಿ ಮರಳುವ ಹಕ್ಕು

ಮದುವೆ ಮನೆಯ ಫೋಟೊಗ್ರಾಫರ್ ಪಾಡು ಯಾರಿಗೂ ಬೇಡ. 'ಗಟ್ಟಿಮೇಳ, ಗಟ್ಟಿಮೇಳ' ಎಂದು ಪುರೋಹಿತರು ಕೂಗುತ್ತಿದ್ದಂತೆ ಅಕ್ಷತೆ ಹಿಡಿದ ಕೈಗಳೆಲ್ಲ ಒಟ್ಟಿಗೆ ಮೇಲೇಳುತ್ತವೆ, ಅಲ್ಲಿವರೆಗೆ ಕುರ್ಚಿಯಲ್ಲಿ ಹರಟುತ್ತಿದ್ದ ನೆಂಟರು ಮಂಟಪಕ್ಕೆ ಮುತ್ತಿಗೆ ಹಾಕುತ್ತಾರೆ, ಸೋದರಮಾವನ ಭುಜ ಸರಿಯಾಗಿ ಲೆನ್ಸಿಗೇ ಅಡ್ಡ ಬರುತ್ತದೆ. ಇಷ್ಟರ ನಡುವೆ ಮೂರು ಗಂಟು ಬೀಳುವ ಆ ಗಳಿಗೆ ಅವನಿಗೆ ಸಿಗಲೇಬೇಕು. 'ಇನ್ನೊಂದ್ಸಲ ಕಟ್ಟಿ ಸಾರ್' ಎನ್ನುವಂತಿಲ್ಲ. (ಎನ್ನುವವರೂ ಇದ್ದಾರೆ, ಕಟ್ಟುವವರೂ ಇದ್ದಾರೆ; ಆ ಮಾತು ಬೇರೆ.) ಪತ್ರಿಕೆಯ ಛಾಯಾಗ್ರಾಹಕನದೂ ಹೆಚ್ಚುಕಡಿಮೆ ಇದೇ ಕಥೆ. ಮಂತ್ರಿಗಳು ದೀಪ ಬೆಳಗಿದ್ದು, ಮಳೆಗೆ ಸೇತುವೆ ಮುಳುಗಿದ್ದು ಎರಡೂ ನಾಳೆಯ ಪುಟಕ್ಕೆ ಬೇಕು. ಬೆಳಕು ಸರಿಯಿರಲಿಲ್ಲ ಎಂದು ಡೆಸ್ಕಿನವರ ಮುಂದೆ ಹೇಳಿ ಬಚಾವಾಗಲು ಆಗುವುದಿಲ್ಲ. ಮೈಸೂರಿನ ಟಿ.ಎಸ್. ಸತ್ಯನ್ ಅವರಂಥ ಕೆಲವರು ಆ ಅವಸರದ ವೃತ್ತಿಯಲ್ಲಿದ್ದೂ ಸಾಮಾನ್ಯರ ದಿನನಿತ್ಯದ ಬದುಕನ್ನು ಸಾವಧಾನವಾಗಿ ನೋಡಿದರು, 1977ರಲ್ಲಿ ಪದ್ಮಶ್ರೀಯನ್ನೂ ಪಡೆದರು. ಎಲ್ಲರಿಗೂ ಆ ಗುಂಡಿಗೆ ಇರುವುದಿಲ್ಲ.

ಹವ್ಯಾಸಿಗೆ ಮಾತ್ರ ಈ ಲೋಕದಲ್ಲಿ ಒಂದು ಸವಲತ್ತಿದೆ. ಅವನು ಬರಿಗೈಯಲ್ಲಿ ಮನೆಗೆ ಬರಬಹುದು. ಭಾನುವಾರ ನಸುಕಿನಲ್ಲೆದ್ದು, ಮನೆಯವರ ನಿದ್ದೆ ಕೆಡದಂತೆ ಬಾಗಿಲು ಎಳೆದುಕೊಂಡು, ದೂರದ ಕೆರೆಯೊಂದಕ್ಕೆ ಹೋಗಿ, ಮೋಡ ಮುಚ್ಚಿದ ನೀರನ್ನಷ್ಟೇ ನೋಡಿ ಹಿಂದಿರುಗಿದರೂ ಕೇಳುವವರಿಲ್ಲ. 'ಏನ್ ಸಿಕ್ತು?' ಎಂದು ಹೆಂಡತಿ ಕೇಳಬಹುದು. 'ಏನೂ ಇಲ್ಲ' ಎಂದರೆ ತಿಂಡಿ ತಟ್ಟೆ ಮುಂದೆ ಬರುತ್ತದೆ, ಅಷ್ಟೆ. ಈ ಹವ್ಯಾಸದ ತೃಪ್ತಿಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ನಿಸರ್ಗದ ಸಾನ್ನಿಧ್ಯ, ಮನಶ್ಶಾಂತಿ ಇತ್ಯಾದಿ ಹೇಳುತ್ತಾರೆ. ಇರಬಹುದು. ನನಗೆ ಕಾಣುವ ಮಟ್ಟಿಗೆ ಅದರ ಬೇರು ಈ ಸವಲತ್ತಿನಲ್ಲಿದೆ. ಏನನ್ನಾದರೂ ತರಲೇಬೇಕಾದವನು ಖಂಡಿತ ಸಿಗುವುದರ ಹಿಂದೆ ಹೋಗುತ್ತಾನೆ; ಆ ಹಂಗಿಲ್ಲದವನು ಸಿಗದೆಯೂ ಹೋಗಬಹುದಾದದ್ದರ ಬೆನ್ನು ಬೀಳಬಹುದು. ಮತ್ತೆ ಮತ್ತೆ ನೋಡಬೇಕೆನಿಸುವ ಚಿತ್ರಗಳು ಹೆಚ್ಚಿನಂಶ ಆ ಎರಡನೆಯ ಜಾತಿಯವು.

ಬೆಂಗಳೂರಿಗೆ ಈ ಹವ್ಯಾಸದಲ್ಲಿ ಹಳೆಯ ಹೆಸರಿದೆ. ದೇಶದ ಫೋಟೊ ಕ್ಲಬ್ಬುಗಳನ್ನೆಲ್ಲ ಒಂದು ಸೂರಿನಡಿ ತಂದ ಫೆಡರೇಷನ್ ಆಫ್ ಇಂಡಿಯನ್ ಫೋಟೊಗ್ರಫಿ 1953ರಲ್ಲಿ ಹುಟ್ಟಿದಾಗ ಅದರ ಹಿಂದೆ ನಿಂತವರು ಇದೇ ಊರಿನ ಜಿ. ಥಾಮಸ್. ಯೂತ್ ಫೋಟೊಗ್ರಾಫಿಕ್ ಸೊಸೈಟಿ, ಎಲ್ಲರ ಬಾಯಲ್ಲಿ ವೈಪಿಎಸ್, 1971ರಿಂದ ನಡೆದುಕೊಂಡು ಬಂದಿದೆ. ಓ.ಸಿ. ಎಡ್ವರ್ಡ್ಸ್ ಅವರ ಬಳಿ ಪಾಠ ಕಲಿತ ಇ. ಹನುಮಂತರಾವ್ ಮತ್ತು ಟಿ.ಎನ್.ಎ. ಪೆರುಮಾಳ್ ಇಬ್ಬರೂ ವನ್ಯಜೀವಿ ಛಾಯಾಗ್ರಹಣದಲ್ಲಿ ದೇಶ ದಾಟಿ ಹೆಸರಾದರು. 2017ರಲ್ಲಿ ತೀರಿಕೊಂಡ ಪೆರುಮಾಳ್ ಅವರ ಕೈಕೆಳಗೆ ಕಲಿತವರು, ಕಲಿತವರಿಂದ ಕಲಿತವರು ಇವತ್ತಿಗೂ ಊರಿನ ತುಂಬ ಇದ್ದಾರೆ.

ಇವರ ಸಾಲಿನಲ್ಲಿ ನನಗೆ ಸದಾ ಕುತೂಹಲ ಹುಟ್ಟಿಸುವವರು ಎಂ.ವೈ. ಘೋರ್ಪಡೆ. ಸಂಡೂರಿನ ರಾಜಮನೆತನ, ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಖಾತೆ, ಮುಂದೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್. ಒಂದು ಕೈಯಲ್ಲಿ ಬಜೆಟ್ ಕಡತ, ಇನ್ನೊಂದು ಕೈಯಲ್ಲಿ ಕ್ಯಾಮೆರಾ. ಕಾಡಿನ ಆನೆ, ಕಾಟಿಗಳನ್ನು ಅವರು ಕಪ್ಪು ಬಿಳುಪಿನಲ್ಲಿ ಸೆರೆಹಿಡಿದರು. 'ಸನ್‌ಲೈಟ್ ಅಂಡ್ ಶ್ಯಾಡೋಸ್' ಎಂಬ ಅವರ ಪುಸ್ತಕದ ಹೆಸರೇ ಅವರಿಗೆ ಬೇಕಿದ್ದುದು ಬರೀ ಪ್ರಾಣಿಯಲ್ಲ, ಅದರ ಮೇಲೆ ಬಿದ್ದ ಬಿಸಿಲು ನೆರಳು ಎಂಬುದನ್ನು ಹೇಳುತ್ತದೆ. ಮಂತ್ರಿಯಾದವರು ಆಡಿದ್ದಕ್ಕೆಲ್ಲ ವಿಧಾನಸಭೆಯಲ್ಲಿ ಉತ್ತರ ಕೊಡಬೇಕು. ಕಾಡಿನಲ್ಲಿ ಕಾಟಿ ಬರಲಿಲ್ಲವೇಕೆ ಎಂದು ಮಾತ್ರ ಯಾವ ವಿರೋಧ ಪಕ್ಷದವರೂ ಕೇಳಿರಲಾರರು.

ಪೂರ್ಣಚಂದ್ರ ತೇಜಸ್ವಿಯವರನ್ನು ಬಿಟ್ಟು ಈ ಮಾತು ಮುಗಿಯುವುದಿಲ್ಲ. ಮೂಡಿಗೆರೆಯ ಕಾಫಿ ತೋಟದಲ್ಲಿ ಕೂತು ಕಥೆ ಕಾದಂಬರಿ ಬರೆಯುತ್ತಿದ್ದವರು ಹಕ್ಕಿಗಳ ಹಿಂದೆ ಕ್ಯಾಮೆರಾ ಹಿಡಿದು ಬಿದ್ದರು. 'ಮಿಂಚುಳ್ಳಿ', 'ಹಕ್ಕಿಪುಕ್ಕ' ಓದಿ ಹಕ್ಕಿ ನೋಡಲು ಹೊರಟವರ ಒಂದು ತಲೆಮಾರೇ ಕನ್ನಡದಲ್ಲಿದೆ. ಅವರ ಹಕ್ಕಿ ಚಿತ್ರಗಳಲ್ಲಿ ನನಗೆ ಹಿಡಿಸುವುದು ಅವುಗಳ ತಾಂತ್ರಿಕ ನಾಜೂಕಲ್ಲ. ತೆಗೆದವನಿಗೆ ಆ ಹಕ್ಕಿಯ ಪರಿಚಯ ಚೆನ್ನಾಗಿತ್ತು ಎಂಬುದು ಚಿತ್ರದಲ್ಲೇ ಗೊತ್ತಾಗುತ್ತದೆ. ಯಾವ ಕೊಂಬೆಗೆ ಅದು ಮತ್ತೆ ಬರುತ್ತದೆ, ಯಾವ ಹೊತ್ತಿಗೆ ಬರುತ್ತದೆ ಎಂಬುದು ತೋಟದಲ್ಲೇ ಬದುಕಿದವನಿಗೆ ಗೊತ್ತಿರುವಷ್ಟು ವಾರಾಂತ್ಯಕ್ಕೆ ಬಂದು ಹೋಗುವವನಿಗೆ ಎಲ್ಲಿಂದ ಗೊತ್ತಾಗಬೇಕು?

ಹವ್ಯಾಸಿಗಳ ವಂಶಾವಳಿಯನ್ನು ಇನ್ನೂ ಹಿಂದಕ್ಕೆ ಎಳೆದರೆ ಕಲ್ಕತ್ತಾದಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳು ಸಿಗುತ್ತಾಳೆ. ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್. (ಕ್ಯಾಮೆರಾನ್ ಎಂಬುದು ಗಂಡನ ಮನೆ ಹೆಸರು, ಕಾಕತಾಳೀಯ.) 1863ರಲ್ಲಿ ಮಗಳು ಅಳಿಯ ಸೇರಿ ಹೊತ್ತು ಹೋಗಲೆಂದು ಆಕೆಗೊಂದು ಕ್ಯಾಮೆರಾ ಕೊಟ್ಟರು. ಆಗ ಆಕೆಗೆ ವಯಸ್ಸು 48. ಇಂಗ್ಲೆಂಡಿನ ವೈಟ್ ದ್ವೀಪದ ಮನೆಯಲ್ಲಿ ಕೋಳಿಗೂಡನ್ನು ಖಾಲಿ ಮಾಡಿಸಿ ಸ್ಟುಡಿಯೊ ಮಾಡಿಕೊಂಡಳು, ಇದ್ದಿಲು ಸುರಿಯುವ ಕೋಣೆ ಡಾರ್ಕ್‌ರೂಮ್ ಆಯಿತು. ಗಾಜಿನ ಫಲಕಕ್ಕೆ ರಾಸಾಯನಿಕ ಬಳಿದು, ಅದು ಆರುವ ಮುಂಚೆ ಚಿತ್ರ ತೆಗೆದು, ಆಗಲೇ ತೊಳೆಯಬೇಕಾದ ಕಾಲ ಅದು. ಮರುವರ್ಷದ ಜನವರಿಯಲ್ಲಿ ಆನಿ ಎಂಬ ಹುಡುಗಿಯ ಮುಖವೊಂದು ಮನಸ್ಸಿಗೆ ಬಂದಂತೆ ಮೂಡಿತು. 'ನನ್ನ ಮೊದಲ ಯಶಸ್ಸು' ಎಂದು ಅದಕ್ಕೆ ಹೆಸರಿಟ್ಟಳು. ಫೋಕಸ್ ಮಸುಕು, ಫಲಕದ ಮೇಲೆ ಗೀರು, ಕೆಲಸದಲ್ಲಿ ಅಚ್ಚುಕಟ್ಟಿಲ್ಲ ಎಂದು ಅಂದಿನ ಛಾಯಾಗ್ರಹಣ ಪಂಡಿತರು ಮೂಗು ಮುರಿದರು. ಆಕೆ ತನಗೆ ಚೆಂದ ಕಂಡಲ್ಲಿಗೆ ಲೆನ್ಸು ನಿಲ್ಲಿಸುವುದನ್ನು ಬಿಡಲಿಲ್ಲ. ಪಂಡಿತರ ಚೊಕ್ಕ ಚಿತ್ರಗಳನ್ನು ಈಗ ಕೇಳುವವರಿಲ್ಲ, ಆಕೆಯ ಮಸುಕು ಮುಖಗಳು ಜಗತ್ತಿನ ದೊಡ್ಡ ಸಂಗ್ರಹಾಲಯಗಳಲ್ಲಿವೆ. ಗಿರಾಕಿಯನ್ನು ಮೆಚ್ಚಿಸಬೇಕಾದ ಸ್ಟುಡಿಯೊದವನಿಗೆ ಆ ಹಟ ಸಾಧ್ಯವಿರಲಿಲ್ಲ.

ಕೋಳಿಗೂಡಿನ ಕಥೆ ನಮ್ಮಲ್ಲಿ ಬಚ್ಚಲುಮನೆಯ ಕಥೆಯಾಗಿತ್ತು. ಬರೋಡದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3 ಎಂಬ ಡಬ್ಬಿ ಕ್ಯಾಮೆರಾ, ಒಂದು ರೋಲಿಗೆ 12 ಚಿತ್ರ. ಊಟಿಯ ಹಿಂದೂಸ್ತಾನ್ ಫೋಟೊ ಫಿಲಂಸ್‌ನ ಇಂದು ಫಿಲ್ಮು. ರಾತ್ರಿ ಎಲ್ಲರೂ ಮಲಗಿದ ಮೇಲೆ ಬಚ್ಚಲಿನ ಕಿಟಕಿಗೆ ಕಂಬಳಿ ತುರುಕಿ, ಜೀರೊ ಕ್ಯಾಂಡಲ್ ಕೆಂಪು ಬಲ್ಬು ಹಚ್ಚಿ, ಟ್ರೇಗಳಲ್ಲಿ ಡೆವಲಪರ್ ಮತ್ತು ಹೈಪೊ ಇಟ್ಟುಕೊಂಡು ಕೂತರೆ ಬೆಳಗಿನ ಜಾವದವರೆಗೂ ಹೊರಗೆ ಬರುವ ಮಾತಿಲ್ಲ. ಬಿಳಿ ಬ್ರೋಮೈಡ್ ಕಾಗದವನ್ನು ದ್ರಾವಣಕ್ಕೆ ಜಾರಿಸಿ ಟ್ರೇಯನ್ನು ಮೆಲ್ಲಗೆ ತೂಗುತ್ತಿದ್ದರೆ ಮೊದಲು ಕಪ್ಪಾದ ಭಾಗಗಳು ಕಾಣುತ್ತವೆ: ಕೂದಲು, ಬಾಗಿಲ ಸಂದು, ಮರದ ಬುಡ. ಆಮೇಲೆ ನಿಧಾನಕ್ಕೆ ಮುಖ. ಅದನ್ನು ಒಮ್ಮೆ ನೋಡಿದವರು ಈ ಹುಚ್ಚಿನಿಂದ ಹೊರಬಂದ ಉದಾಹರಣೆ ಕಡಿಮೆ. ಹೊರಗೆ ಯಾರಾದರೂ ಚೊಂಬು ಹಿಡಿದು ಬಾಗಿಲು ಬಡಿದರೂ 'ಎರಡು ನಿಮಿಷ, ಫಿಕ್ಸ್ ಆಗ್ಲಿ' ಎನ್ನುವ ಉತ್ತರ ಬರುತ್ತಿತ್ತು.

ಆ ಕಷ್ಟವನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಡಿಜಿಟಲ್ ಬಂದದ್ದು ಒಳ್ಳೆಯದೇ ಆಯಿತು, ಬೆರಳ ಸಂದಿಯ ಹೈಪೊ ವಾಸನೆ ಹೋಯಿತು. ಆದರೆ ಲೆಕ್ಕ ತಲೆಕೆಳಗಾಯಿತು. 36 ಚಿತ್ರದ ರೋಲು ಹಾಕಿಕೊಂಡು ಹೋದವನು ಶಟರ್ ಒತ್ತುವ ಮುಂಚೆ ಯೋಚಿಸುತ್ತಿದ್ದ, ಏಕೆಂದರೆ ಪ್ರತಿ ಒತ್ತಿಗೂ ಕಾಸು. ಈಗ ಸೆಕೆಂಡಿಗೆ 20 ಚಿತ್ರ ತೆಗೆಯುವ ಕ್ಯಾಮೆರಾ ಅಂಗಡಿಯಲ್ಲಿದೆ, ಯೋಚನೆಯೆಲ್ಲ ಒತ್ತಿದ ಮೇಲೆ.

ಕರಾವಳಿಯ ಕಂಬಳಕ್ಕೆ ಹೋದವರಿಗೆ ಈ ಲೆಕ್ಕ ಚೆನ್ನಾಗಿ ಅರ್ಥವಾಗುತ್ತದೆ. 2020ರ ಫೆಬ್ರುವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿ ದೇಶವೆಲ್ಲ ಸುದ್ದಿಯಾದರಲ್ಲ, ಅಂಥ ಒಂದೇ ಓಟಕ್ಕೆ ಇಂದಿನ ಕ್ಯಾಮೆರಾದಲ್ಲಿ 270 ಚಿತ್ರ ಬೀಳುತ್ತವೆ. ಇಡೀ ದಿನ, ಇಡೀ ರಾತ್ರಿ ಓಟ. ಕಾರ್ಡ್ ತುಂಬುವುದಕ್ಕೇನು ತಡ? ಮೊದಲ ಸಲ ಹೋದವರೆಲ್ಲ ತರುವ ಚಿತ್ರವೂ ಒಂದೇ: ಓಟ ಮುಗಿಯುವ ಮಂಜೊಟ್ಟಿಯ ಬದಿಯಲ್ಲಿ ಉದ್ದ ಲೆನ್ಸ್ ಹಿಡಿದು ಎದುರಿನಿಂದ ತೆಗೆದದ್ದು. ತಲೆ ಎತ್ತಿ ನುಗ್ಗುವ ಕೋಣಗಳು, ನಡುವೆ ಹಲ್ಲು ಕಚ್ಚಿದ ಓಟಗಾರ, ಸುತ್ತ ಕೆಸರು ನೀರು. ಚಿತ್ರ ಚೆನ್ನಾಗಿಯೇ ಇರುತ್ತದೆ. ಪಕ್ಕದಲ್ಲಿ ನಿಂತಿದ್ದ ಮೂವತ್ತು ಜನರ ಹತ್ತಿರವೂ ಅಷ್ಟೇ ಚೆನ್ನಾಗಿರುತ್ತದೆ.

ಎರಡನೆಯ ಸಲ ಹೋದಾಗ ಕಣ್ಣು ಬೇರೆ ಕಡೆ ಹೊರಳುತ್ತದೆ. ಓಟ ಶುರುವಾಗುವ ಗಂತಿನಲ್ಲಿ ಕೋಣಗಳನ್ನು ಹಿಡಿದು ನಿಲ್ಲಿಸುವುದೇ ಒಂದು ಕಾಳಗ. ನಾಲ್ಕೈದು ಜನ ಹಗ್ಗ ಎಳೆದು ನಿಂತಿರುತ್ತಾರೆ, ಕೋಣದ ಕಿವಿ ಹಿಂದಕ್ಕೆ ಮಡಚಿಕೊಳ್ಳುತ್ತದೆ, ಓಟಗಾರ ಯಾರ ಜೊತೆಯೂ ಮಾತಾಡುವುದಿಲ್ಲ. ಅಲ್ಲಿ ನೀರೂ ಹಾರುವುದಿಲ್ಲ, ವೇಗವೂ ಇಲ್ಲ, ಆದರೂ ನನಗೆ ಇಡೀ ಕಂಬಳ ಆ ನಿಲುವಿನಲ್ಲಿ ಕಾಣುತ್ತದೆ.

ಮೂರನೆಯದು ಕನೆಹಲಗೆ. ಕಂಬಳದ ಮಿಕ್ಕ ವಿಭಾಗಗಳಲ್ಲಿ ಯಾರು ಮೊದಲು ಮುಟ್ಟಿದರು ಎಂಬುದಷ್ಟೇ ಪ್ರಶ್ನೆ. ಕನೆಹಲಗೆಯಲ್ಲಿ ವೇಗಕ್ಕೆ ಬಹುಮಾನವಿಲ್ಲ, ನೀರು ಎಷ್ಟು ಎತ್ತರಕ್ಕೆ ಚಿಮ್ಮಿತು ಎಂಬುದೇ ಪಂದ್ಯ. ಓಟಗಾರ ತೂತುಗಳಿರುವ ಮರದ ಹಲಗೆಯ ಮೇಲೆ ಕಾಲೂರಿ ನಿಲ್ಲುತ್ತಾನೆ, ಕೋಣಗಳು ಎಳೆದಂತೆ ಹಲಗೆಯ ತೂತಿನಿಂದ ನೀರು ಕಾರಂಜಿಯಾಗಿ ಏಳುತ್ತದೆ. ಕರೆಯ, ಎಂದರೆ ಕೋಣಗಳು ಓಡುವ ಗದ್ದೆಯ, ಮೇಲೆ ಅಡ್ಡಲಾಗಿ ಬಿಳಿ ಬಟ್ಟೆಯ ನಿಶಾನೆ ಕಟ್ಟಿರುತ್ತಾರೆ, ಆರೂವರೆ ಕೋಲು ಎತ್ತರಕ್ಕೊಂದು, ಏಳೂವರೆ ಕೋಲು ಎತ್ತರಕ್ಕೊಂದು. ನೀರು ಆ ಬಟ್ಟೆಯನ್ನು ಒದ್ದೆ ಮಾಡಬೇಕು. ಕೆಸರುಗದ್ದೆಯ ನೀರು ನಮ್ಮ ಬೆನ್ನಿಗಿರುವ ಬಿಸಿಲಿನಲ್ಲಿ ಬರೀ ಕಂದು ಕೊಳೆ. ಅದೇ ನೀರಿನ ಹಿಂದೆ ಇಳಿಬಿಸಿಲು ಇದ್ದರೆ ಒಂದೊಂದು ಹನಿಯೂ ಹೊತ್ತಿಕೊಳ್ಳುತ್ತದೆ. ಶಟರ್ ಸೆಕೆಂಡಿನ ಎರಡು ಸಾವಿರದ ಒಂದು ಭಾಗಕ್ಕೆ ಇಟ್ಟರೆ ಹನಿಗಳು ಗಾಳಿಯಲ್ಲಿ ಬಿಡಿಬಿಡಿಯಾಗಿ ನಿಲ್ಲುತ್ತವೆ. ಅರವತ್ತರ ಒಂದು ಭಾಗಕ್ಕೆ ಇಳಿಸಿ ಕೋಣದ ಜೊತೆಗೇ ಕ್ಯಾಮೆರಾ ತಿರುಗಿಸಿದರೆ ಹನಿಗಳೆಲ್ಲ ಗೆರೆಗಳಾಗಿ, ಓಟಗಾರನ ಮುಖವೊಂದೇ ಗಟ್ಟಿಯಾಗಿ ಉಳಿಯುತ್ತದೆ. ಉಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಇದಕ್ಕೆ ಬೇಕಾದ ತಿಳಿವಳಿಕೆ ಕ್ಯಾಮೆರಾದ ಪುಸ್ತಿಕೆಯಲ್ಲಿ ಇರುವುದಿಲ್ಲ. ಕರೆ ಯಾವ ದಿಕ್ಕಿಗೆ ಮುಖ ಮಾಡಿದೆ, ಎಷ್ಟು ಹೊತ್ತಿಗೆ ಸೂರ್ಯ ನಿಶಾನೆಯ ಹಿಂದಕ್ಕೆ ಬರುತ್ತಾನೆ, ಆ ಹೊತ್ತಿಗೆ ಕನೆಹಲಗೆಯ ಸರದಿ ಇರುತ್ತದೋ ಇಲ್ಲವೋ, ತೆಂಗಿನ ಮರದ ನೆರಳು ನೀರಿಗೆ ಬೀಳುತ್ತದೋ ಹೇಗೆ. ಸರದಿ ತಡವಾದರೆ ಬಿಸಿಲು ಹೋಗುತ್ತದೆ, ಹೊನಲು ಬೆಳಕಿನ ದೀಪಗಳು ಹೊತ್ತಿಕೊಳ್ಳುತ್ತವೆ, ಅಲ್ಲಿಗೆ ಆ ವರ್ಷದ ಆಟ ಮುಗಿಯಿತು. ಸಂಘಟಕರನ್ನು ಸರದಿ ಬದಲಿಸಿ ಎಂದು ಕೇಳುವುದಕ್ಕೆ ನಾವು ಯಾರು?

ಹಕ್ಕಿ ಚಿತ್ರದವರ ತಿಳಿವಳಿಕೆ ಇನ್ನೊಂದು ಬಗೆಯದು. ಬೇಸಿಗೆಯಲ್ಲಿ ಲಕ್ಕವಳ್ಳಿಯ ಭದ್ರಾ ಹಿನ್ನೀರು ಇಳಿದು ಬಂಡೆಯ ನಡುಗಡ್ಡೆಗಳು ಎದ್ದು ಕಾಣುತ್ತವೆ, ಅವುಗಳ ಮೇಲೆ ರಿವರ್ ಟರ್ನ್ ಹಕ್ಕಿಗಳು ಹಿಂಡುಹಿಂಡಾಗಿ ಬಂದು ಮೊಟ್ಟೆ ಇಡುತ್ತವೆ. ಹಳದಿ ಕೊಕ್ಕು, ಕಪ್ಪು ಟೋಪಿ, ಕತ್ತರಿ ಬಾಲ. ಗಂಡು ಮೀನು ಹಿಡಿದು ತಂದು ಹೆಣ್ಣಿಗೆ ಕೊಡುವ ದೃಶ್ಯಕ್ಕಾಗಿ ಜನ ದೋಣಿಯಲ್ಲಿ ಕಾಯುತ್ತಾರೆ. ಹೊಸಬರು ನೋಡುವುದು ಸೂರ್ಯ ಎಲ್ಲಿದ್ದಾನೆ ಎಂದು. ಪಳಗಿದವರು ಮೊದಲು ಗಾಳಿ ಎಲ್ಲಿಂದ ಬೀಸುತ್ತಿದೆ ಎಂದು ನೋಡುತ್ತಾರೆ. ಏಕೆಂದರೆ ಹಕ್ಕಿ ಏಳುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಗಾಳಿ ನಮ್ಮ ಬೆನ್ನ ಕಡೆಯಿಂದ ಬೀಸುತ್ತಿದ್ದರೆ ಪ್ರತಿ ಹಕ್ಕಿಯೂ ನಮ್ಮ ಕಡೆಗೇ ಮುಖ ಮಾಡಿ ರೆಕ್ಕೆ ಹರಡಿ ಇಳಿಯುತ್ತದೆ. ಗಾಳಿ ಎದುರಿನಿಂದ ಬಂದರೆ ದಿನವಿಡೀ ಬಾಲದ ಚಿತ್ರಗಳು. ಸೂರ್ಯ, ಗಾಳಿ ಎರಡೂ ಬೆನ್ನಿಗಿರುವ ಬೆಳಗು ಸಿಕ್ಕಿತೆಂದರೆ ದೋಣಿಯವನಿಗೂ ಖುಷಿ. ದೋಣಿ ಅಲುಗುವುದರಿಂದ ದುಬಾರಿ ಟ್ರೈಪಾಡ್ ಅಲ್ಲಿ ಬರೀ ಕಾಲಡ್ಡ.

ಮೊದಲೇ ತಿಳಿದುಕೊಂಡದ್ದು ಆಪತ್ತಿಗೆ ಒದಗುವ ಬಗೆಗೆ ಛಾಯಾಗ್ರಹಣ ಚರಿತ್ರೆಯಲ್ಲಿ ಒಂದು ಪ್ರಸಿದ್ಧ ಪ್ರಸಂಗವಿದೆ. ಅಮೆರಿಕದ ಆನ್ಸೆಲ್ ಆಡಮ್ಸ್ 1941ರ ಒಂದು ಸಂಜೆ ನ್ಯೂ ಮೆಕ್ಸಿಕೊದಲ್ಲಿ ಕಾರಿನಲ್ಲಿ ಹೋಗುತ್ತಿದ್ದಾಗ ಹೆರ್ನಾಂಡಿಸ್ ಎಂಬ ಹಳ್ಳಿಯ ಮೇಲೆ ಚಂದ್ರ ಮೂಡಿದ್ದು ಕಂಡಿತು. ಕೆಳಗೆ ಸ್ಮಶಾನದ ಬಿಳಿ ಶಿಲುಬೆಗಳ ಮೇಲೆ ಮುಳುಗುವ ಸೂರ್ಯನ ಕೊನೆಯ ಬೆಳಕು. ಗಡಿಬಿಡಿಯಲ್ಲಿ ಕಾರು ನಿಲ್ಲಿಸಿ ದೊಡ್ಡ ಕ್ಯಾಮೆರಾ ಹೂಡಿದರೆ ಬೆಳಕು ಅಳೆಯುವ ಮೀಟರ್ ಸಿಗಲಿಲ್ಲ. ಚಂದ್ರನ ಪ್ರಕಾಶ ಚದರ ಅಡಿಗೆ 250 ಕ್ಯಾಂಡಲ್ ಎಂಬುದು ಅವರ ತಲೆಯಲ್ಲಿತ್ತು. ಅದರ ಮೇಲೆ ಲೆಕ್ಕ ಹಾಕಿ ಒಂದು ಚಿತ್ರ ತೆಗೆದರು. ಎರಡನೆಯದಕ್ಕೆ ಫಲಕ ತಿರುಗಿಸುವಷ್ಟರಲ್ಲಿ ಶಿಲುಬೆಗಳ ಮೇಲಿನ ಬೆಳಕು ಹೋಗಿತ್ತು. ಇದರಲ್ಲಿ ನನಗೆ ಇನ್ನೂ ಇಷ್ಟವಾಗುವ ಭಾಗ ಮುಂದಿನದು. ಆಡಮ್ಸ್ ತಾರೀಖು ಬರೆದಿಟ್ಟುಕೊಂಡಿರಲಿಲ್ಲ. ದಶಕಗಳ ನಂತರ ಖಗೋಳದ ಆಸಕ್ತರು ಚಿತ್ರದಲ್ಲಿನ ಚಂದ್ರನ ಎತ್ತರ, ದಿಕ್ಕು, ಹಿಂದಿನ ಬೆಟ್ಟಗಳ ಲೆಕ್ಕ ಹಿಡಿದು ಅದು ನವೆಂಬರ್ 1ರ ಸಂಜೆ 4 ಗಂಟೆ 49 ನಿಮಿಷ ಎಂದು ಕಂಡುಹಿಡಿದರು. ಒಂದು ಚಿತ್ರವನ್ನು ಪ್ರೀತಿಸಿದವರು ಹೀಗೂ ಹಿಂದೆ ಬೀಳುತ್ತಾರೆ.

ಈಗಿನ ಪರಿಸ್ಥಿತಿಯಲ್ಲಿ ನನಗೆ ಸರಿಬೀಳದ ಸಂಗತಿ ಒಂದಿದೆ. ಬರಿಗೈಯಲ್ಲಿ ಬರುವ ಆ ಸವಲತ್ತನ್ನು ಹವ್ಯಾಸಿಗಳು ತಾವಾಗಿಯೇ ಕಳೆದುಕೊಳ್ಳುತ್ತಿದ್ದಾರೆ. ಉದ್ದ ಲೆನ್ಸಿಗೆ ಲಕ್ಷಗಟ್ಟಲೆ ರೂಪಾಯಿ, ಸಫಾರಿಗೆ ತಲೆಗಿಷ್ಟು ಸಾವಿರ, ಕಂತು ಬೇರೆ. ಇಷ್ಟೆಲ್ಲ ಸುರಿದವನು ಹುಲಿ ಬರಲಿಲ್ಲ ಎಂದು ಸುಮ್ಮನೆ ಬರುವುದು ಹೇಗೆ? ಹಾಗಾಗಿ ಜೀಪಿನ ಚಾಲಕನ ಮೇಲೆ ಒತ್ತಡ, ಒಂದು ಹುಲಿಯ ಸುತ್ತ ಸಾಲುಗಟ್ಟಿದ ಜೀಪುಗಳು. ಹಕ್ಕಿಗಳಿಗೆ ಹುಳ ಚೆಲ್ಲಿ, ಮೊಬೈಲಿನಲ್ಲಿ ಅವುಗಳದೇ ಕೂಗು ಹಾಕಿ ಕರೆಸುವುದು, ಗೂಡಿನ ಮುಂದಿನ ಎಲೆ ಕತ್ತರಿಸಿ ನೋಟ ತೆರವು ಮಾಡುವುದು. ಎಲೆ ಹೋದರೆ ಮರಿಗಳಿಗೆ ನೆರಳೂ ಇಲ್ಲ, ಕಾಗೆಯ ಕಣ್ಣಿನಿಂದ ಮರೆಯೂ ಇಲ್ಲ. ಹಿಂದಿನ ತಲೆಮಾರಿನವರು ಬಟ್ಟೆಯ ಮರೆ ಕಟ್ಟಿ ಗೂಡಿನ ಹತ್ತಿರ ಕೂರುತ್ತಿದ್ದರು ನಿಜ. ಇವತ್ತು ಕ್ಯಾಮೆರಾಗಳ ಸಂಖ್ಯೆಯೇ ಬೇರೆ, ಹಾಗಾಗಿ ಗೂಡಿನ ಚಿತ್ರಗಳನ್ನು ಹಲವು ಸ್ಪರ್ಧೆಗಳು ತೆಗೆದುಕೊಳ್ಳುವುದನ್ನೇ ಬಿಟ್ಟಿವೆ.

ಈ ಒತ್ತಡ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಜಗತ್ತು ಕಂಡ ಉದಾಹರಣೆ 2009ರ ವೈಲ್ಡ್‌ಲೈಫ್ ಫೋಟೊಗ್ರಾಫರ್ ಆಫ್ ದಿ ಇಯರ್ ಪ್ರಶಸ್ತಿ. ಸ್ಪೇನಿನಲ್ಲಿ ರಾತ್ರಿ ಹೊತ್ತು ತೋಳವೊಂದು ಗೇಟು ಹಾರುವ ಚಿತ್ರಕ್ಕೆ ಮೊದಲ ಬಹುಮಾನ ಬಂತು. ನೋಡಿದರೆ ಯಾರಾದರೂ ಬೆರಗಾಗುವ ಚಿತ್ರ. ಅದು ಸಾಕಿ ಪಳಗಿಸಿದ ತೋಳವಿರಬೇಕು ಎಂದು ತೀರ್ಪುಗಾರರಿಗೆ ಮನವರಿಕೆಯಾಗಿ 2010ರ ಜನವರಿಯಲ್ಲಿ ಪ್ರಶಸ್ತಿಯನ್ನು ಹಿಂದಕ್ಕೆ ಪಡೆದರು. ಛಾಯಾಗ್ರಾಹಕ ಆರೋಪವನ್ನು ಒಪ್ಪಲಿಲ್ಲ. ಮೊದಲು ಅನುಮಾನ ಬಂದದ್ದು ಏಕೆ ಗೊತ್ತೇ? ಗೇಟಿನ ಕಂಬಿಗಳ ಸಂದಿಯಲ್ಲಿ ನುಸುಳಬಹುದಾದ ಕಾಡುತೋಳ ಅಷ್ಟು ಶಕ್ತಿ ಖರ್ಚು ಮಾಡಿ ಹಾರುವುದೇಕೆ ಎಂದು ತೋಳ ಬಲ್ಲವರು ಕೇಳಿದರು. ಇಲ್ಲಿಯೂ ಕ್ಯಾಮೆರಾಕ್ಕಿಂತ ಪ್ರಾಣಿಯ ಪರಿಚಯವೇ ಮೇಲಾಯಿತು.

ಸಲಾನುಗಳ ಬಗ್ಗೆ ನನ್ನ ಅಭಿಪ್ರಾಯ ಮಿಶ್ರವಾದದ್ದು. ಫೋಟೊ ಸ್ಪರ್ಧೆಗಳಿಗೆ ಈ ವಲಯದಲ್ಲಿ ಹಾಗೆ ಹೆಸರು. ಒಂದು ವಿಭಾಗಕ್ಕೆ ಸಾಮಾನ್ಯವಾಗಿ ನಾಲ್ಕು ಚಿತ್ರ ಕಳಿಸಬೇಕು, ಮೂವರು ತೀರ್ಪುಗಾರರು ಒಂದೊಂದಕ್ಕೆ ಕೆಲವೇ ಸೆಕೆಂಡಿನಲ್ಲಿ ಅಂಕ ಒತ್ತುತ್ತಾರೆ, ಅಂಕ ದಾಟಿದ್ದು 'ಅಕ್ಸೆಪ್ಟೆನ್ಸ್'. ಇಷ್ಟು ದೇಶಗಳಲ್ಲಿ ಇಷ್ಟು ಅಕ್ಸೆಪ್ಟೆನ್ಸ್ ಆದರೆ 1950ರಲ್ಲಿ ಶುರುವಾದ ಅಂತರರಾಷ್ಟ್ರೀಯ ಒಕ್ಕೂಟ ಎಫ್‌ಐಎಪಿ ಬಿರುದು ಕೊಡುತ್ತದೆ. ಕೆಲವರ ಹೆಸರಿನ ಹಿಂದೆ ಅಕ್ಷರಗಳ ಗೂಡ್ಸ್ ಗಾಡಿಯೇ ಇರುತ್ತದೆ. ಸಲಾನಿಗೆ ಏನು ಓಡುತ್ತದೆ ಎಂದು ಗೊತ್ತಾದ ಮೇಲೆ ಅದನ್ನೇ ತೆಗೆಯುವ ಚಟವೂ ಹತ್ತುತ್ತದೆ: ದೂಳೆಬ್ಬಿಸುವ ಕುರಿಮಂದೆ, ಹೊಗೆಯ ನಡುವೆ ಬಿಸಿಲಕೋಲು, ಬಾಡಿಗೆಗೆ ಕರೆತಂದ ಮುದುಕರ ಸುಕ್ಕು ಮುಖ. ಇದೂ ಒಂದು ಬಗೆಯ ಗಿರಾಕಿ ಸೇವೆಯೇ.

ಆದರೂ ಕ್ಲಬ್ಬಿನ ಸಂಜೆಗಳನ್ನು ನಾನು ಬಿಟ್ಟುಕೊಡಲಾರೆ. ಹತ್ತಿಪ್ಪತ್ತು ಜನ, ಗೋಡೆಯ ಮೇಲೊಂದು ಪರದೆ, ಕಾಗದದ ಲೋಟದಲ್ಲಿ ಕಾಫಿ. ನಮ್ಮ ಚಿತ್ರ ಪರದೆಗೆ ಬಂದಾಗ ಹಿರಿಯರೊಬ್ಬರು ಎದ್ದು ಹತ್ತಿರ ಹೋಗಿ ಅಂಗೈಯಿಂದ ಒಂದು ಮೂಲೆಯನ್ನು ಮುಚ್ಚುತ್ತಾರೆ. 'ಈಗ ನೋಡ್ರೀ' ಎನ್ನುತ್ತಾರೆ. ಅಷ್ಟೇ. ಕೈ ತೆಗೆದ ಮೇಲೆ ಆ ಮೂಲೆಯಲ್ಲಿ ಇದ್ದದ್ದು, ನಮ್ಮ ಕಣ್ಣಿಗೆ ಇಷ್ಟು ದಿನ ಕಾಣದೇ ಇದ್ದದ್ದು, ಇನ್ನು ಮುಂದೆ ಕಾಣದೇ ಇರುವುದಿಲ್ಲ. ಮೊಬೈಲಿನಲ್ಲಿ ಬೀಳುವ ನೂರು ಹೆಬ್ಬೆಟ್ಟುಗಳಿಂದ ಆ ಒಂದು ಅಂಗೈಯ ಕೆಲಸ ಆಗುವುದಿಲ್ಲ.

ಮನೆಗೆ ಬಂದ ಮೇಲಿನ ಕೆಲಸ ಆರಿಸುವುದು, ಎಂದರೆ ಹೆಚ್ಚಾಗಿ ಅಳಿಸುವುದು. ಒಂದು ಕಂಬಳದಿಂದ ತಂದ ಸಾವಿರಾರು ಚಿತ್ರಗಳನ್ನು ಕಂಪ್ಯೂಟರಿಗೆ ಹಾಕಿ ಒಂದೊಂದಾಗಿ ಕಿತ್ತೆಸೆಯುತ್ತಾ ಹೋಗುವುದರಲ್ಲಿ ವಿಚಿತ್ರ ಸುಖವಿದೆ. ಮೊದಲು ಅಲುಗಿದವು ಹೋಗುತ್ತವೆ, ಆಮೇಲೆ ಕೋಣದ ಕಣ್ಣು ಮುಚ್ಚಿದವು, ಆಮೇಲೆ ಹಿನ್ನೆಲೆಯಲ್ಲಿ ಬೇಕರಿಯ ಜಾಹೀರಾತು ಇರುವವು. ಉಳಿದ ಹತ್ತರಲ್ಲಿ ಯಾವುದು ಎಂಬುದು ಮಾತ್ರ ವಾರಗಟ್ಟಲೆ ಕಾಡುವ ಪ್ರಶ್ನೆ. ಅಳುಕದೆ ಅಷ್ಟನ್ನೂ ಎಸೆಯಬಹುದು, ಏಕೆಂದರೆ ಯಾರಿಗೂ ಲೆಕ್ಕ ಕೊಡಬೇಕಿಲ್ಲ. ಕೊನೆಗೆ ಉಳಿದ ಒಂದನ್ನು ಕಾಗದದ ಮೇಲೆ ಅಚ್ಚು ಹಾಕಿಸಲೇಬೇಕು ಎಂಬುದು ನನ್ನ ಪಂಥ. ಪರದೆಯ ಮೇಲೆ ಮಿರುಗಿದ್ದು ಕಾಗದದಲ್ಲಿ ಮಂಕಾದಾಗ ಚಿತ್ರದ ನಿಜವಾದ ತೂಕ ಗೊತ್ತಾಗುತ್ತದೆ. ಆಡಮ್ಸ್ ಆ ಚಂದ್ರೋದಯವನ್ನು ಮುಂದಿನ ದಶಕಗಳಲ್ಲಿ ಸಾವಿರಕ್ಕೂ ಹೆಚ್ಚು ಸಲ ಅಚ್ಚು ಹಾಕಿದರು, ವರ್ಷ ಕಳೆದಂತೆ ಆಕಾಶವನ್ನು ಹೆಚ್ಚು ಹೆಚ್ಚು ಕಪ್ಪಾಗಿಸುತ್ತಾ ಹೋದರು. ತೃಪ್ತಿ ಸಿಕ್ಕವರು ಹಾಗೆ ಮಾಡುವುದಿಲ್ಲ, ತೃಪ್ತಿಯನ್ನು ಬೆನ್ನಟ್ಟುವವರು ಮಾಡುತ್ತಾರೆ.

ಕನೆಹಲಗೆಯ ನನ್ನದೊಂದು ಚಿತ್ರ, ಇಳಿಬಿಸಿಲು ನೀರಿನ ಹಿಂದಿರುವುದು, ಒಂದು ಸಲಾನಿನಲ್ಲಿ ಅಕ್ಸೆಪ್ಟ್ ಆಯಿತು. ಹನ್ನೆರಡು ಹದಿನೆಂಟು ಇಂಚಿನ ಅಚ್ಚು ಹಾಕಿಸಿ ಮುಂದಿನ ಸೀಸನ್ನಿನಲ್ಲಿ ಆ ಓಟಗಾರನಿಗೆ ಕೊಡಲು ಒಯ್ದೆ. ಕೋಣಗಳಿಗೆ ಎಣ್ಣೆ ತಿಕ್ಕುತ್ತಿದ್ದವರು ಕೈ ಒರೆಸಿಕೊಂಡು ಚಿತ್ರವನ್ನು ಬಿಸಿಲಿಗೆ ಹಿಡಿದು ನೋಡಿದರು. ಪಕ್ಕದವರನ್ನೂ ಕರೆದರು. ಇಬ್ಬರೂ ತುಳುವಿನಲ್ಲಿ ಏನೋ ಮಾತಾಡಿಕೊಂಡರು.

"ಲಾಯ್ಕುಂಟು ಮಾರಾಯ್ರೆ" ಎಂದರು ಓಟಗಾರ. "ಆದ್ರೆ ಇದ್ರಲ್ಲಿ ನೀರು ನಿಶಾನೆಗೆ ಮುಟ್ಲಿಲ್ಲ ಅಲ್ವಾ?"

ನೋಡಿದೆ. ಬಟ್ಟೆಯ ಕೆಳಗೆ ಒಂದು ಗೇಣು ಜಾಗ ಬಿಟ್ಟು ನೀರು ನಿಂತಿತ್ತು. ಸಲಾನಿನ ಮೂವರು ತೀರ್ಪುಗಾರರಲ್ಲಿ ಯಾರಿಗೂ ಅದು ಲೆಕ್ಕಕ್ಕೆ ಬಂದಿರಲಾರದು.

"ಅವತ್ತು ರಾತ್ರಿ ಮತ್ತೆ ನಮ್ದು ಏಳೂವರೆ ಕೋಲಿಗೆ ಹಾಕಿದ್ದುಂಟು. ಅದು ಉಂಟಾ ನಿಮ್ಮತ್ರ?"

ಅದೂ ಇತ್ತು. ಹೊನಲು ಬೆಳಕಿನಲ್ಲಿ ತೆಗೆದದ್ದು, ಹನಿಗಳಿಗೆ ಹೊಳಪಿಲ್ಲ, ಹಿಂದೆ ಧ್ವನಿವರ್ಧಕದ ಕಂಬ, ಅಂಚಿನಲ್ಲಿ ಯಾರದೋ ಮೊಬೈಲ್ ಹಿಡಿದ ಕೈ. ಆರಿಸುವಾಗ ಮೊದಲ ಸುತ್ತಿನಲ್ಲೇ ಪಕ್ಕಕ್ಕಿಟ್ಟದ್ದು, ಅಳಿಸಿರಲಿಲ್ಲ ಅಷ್ಟೆ. ವಾಟ್ಸ್‌ಆ್ಯಪಿನಲ್ಲಿ ಕಳಿಸಿದೆ. ತಿಂಗಳೊಳಗೆ ಅದು ಅವರ ಊರಿನ ಅಡ್ಡರಸ್ತೆಯಲ್ಲಿ ಹತ್ತಡಿ ಎತ್ತರದ ಫ್ಲೆಕ್ಸ್ ಆಗಿ ನಿಂತಿತ್ತು. ಸುತ್ತ ಹೂವಿನ ಅಂಚು, ನೀರಿಗೆ ಇಲ್ಲದ ನೀಲಿ ಬಣ್ಣ ಬೇರೆ, ಕೆಳಗೆ ಯಜಮಾನರ ಮತ್ತು ಕೋಣಗಳ ಹೆಸರು. ನನ್ನ ಹೆಸರು ಎಲ್ಲೂ ಇರಲಿಲ್ಲ, ಶುಭ ಕೋರುವವರ ಪಟ್ಟಿಯಲ್ಲಿ ಕೂಡ.